ಬೆರಳು ಅವಳ ಮಡಿಲಲ್ಲಿತ್ತು

ನಮ್ಮಜ್ಜಿ ಕಥೆ ಮುಗಿಸುವಾಗ ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದಳು: "ಅವರು ಅಲ್ಲಿ ಸುಖವಾಗಿದ್ದಾರೆ, ನಾವು ಇಲ್ಲಿ ಹೀಗಿದ್ದೀವಿ." ಆ ಮಾತು ಬಂತೆಂದರೆ ದೀಪ ಆರಿಸುವ ಹೊತ್ತಾಯಿತು ಅಂತ ಲೆಕ್ಕ. ರಾಜಕುಮಾರಿ ಅಲ್ಲೇ ಉಳಿದಳು, ನಾವು ಇಲ್ಲಿ ಚಾಪೆಯ ಮೇಲೆ ಉಳಿದೆವು. ಆದರೆ ಆ ‘ಅಲ್ಲಿ’ಯವರು ಗಂಟುಮೂಟೆ ಕಟ್ಟಿಕೊಂಡು ‘ಇಲ್ಲಿ’ಗೇ ಬಂದುಬಿಟ್ಟರೆ?

ಆ ಪ್ರಶ್ನೆಯ ಮೇಲೇ ನಿಂತಿರುವ ಕಾಮಿಕ್ಸ್ ‘ಫೇಬಲ್ಸ್’. ಬಿಲ್ ವಿಲ್ಲಿಂಗ್‌ಹ್ಯಾಮ್ ಬರೆದದ್ದು. 2002ರಲ್ಲಿ ಡಿಸಿ ಕಾಮಿಕ್ಸ್‌ನ ವರ್ಟಿಗೊ ವಿಭಾಗದಿಂದ ಶುರುವಾಗಿ 2015ರಲ್ಲಿ 150ನೇ ಸಂಚಿಕೆಗೆ ಮುಗಿಯಿತು, ಆಮೇಲೆ ಕೆಲವು ವರ್ಷ ಬಿಟ್ಟು ಇನ್ನೊಂದಷ್ಟು ಸಂಚಿಕೆ ಬಂತು. ಅದರ ಮೊದಲ ಐದು ಸಂಚಿಕೆಗಳು ಸೇರಿದರೆ ಒಂದು ಪೂರ್ತಿ ಕೊಲೆಯ ಕಥೆ. ಈ ತಿಂಗಳು ಅದನ್ನು ಮೂರನೇ ಸಲ ಓದಿದೆ. ಮೊದಲೆರಡು ಸಲ ಖುಷಿಯಿಂದ ಓದಿದ್ದೆ. ಈ ಸಲ ಖುಷಿಯ ಜೊತೆಗೆ ಒಂದು ಅಸಮಾಧಾನವೂ ಎದ್ದು ಕೂತಿತು. ಅದನ್ನೇ ಬರೆಯುತ್ತಿದ್ದೇನೆ. ಬರಹ ಉದ್ದ ಇದೆ, ಕಥೆಯ ಗುಟ್ಟನ್ನೂ ಬಿಚ್ಚಿ ಹೇಳುತ್ತೇನೆ. ಓದಬೇಕು ಅಂತ ಇಟ್ಟುಕೊಂಡವರು ಮೊದಲು ಪುಸ್ತಕ ಓದಿ ಬನ್ನಿ.

ಕಥೆ ಇಷ್ಟು. ಒಬ್ಬ ಮಹಾವೈರಿ ಅಜ್ಜಿಕಥೆಗಳ ನಾಡನ್ನೆಲ್ಲ ಗೆದ್ದುಕೊಂಡಿದ್ದಾನೆ. ತಪ್ಪಿಸಿಕೊಂಡವರು ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಒಂದು ಸಣ್ಣ ಕೇರಿ ಮಾಡಿಕೊಂಡು ಗುಟ್ಟಾಗಿ ಬದುಕುತ್ತಿದ್ದಾರೆ. ಮನುಷ್ಯರೂಪ ಇಲ್ಲದವರು, ಅಂದರೆ ಮಾತಾಡುವ ಹಂದಿ, ಕರಡಿಗಳೆಲ್ಲ ಊರಾಚೆ ಒಂದು ತೋಟದಲ್ಲಿ. ಕೇರಿಗೆ ಮೇಯರ್ ಅಂತ ಕಿಂಗ್ ಕೋಲ್ ಇದ್ದಾನೆ. ದಿನದ ಕೆಲಸವನ್ನೆಲ್ಲ ನಿಭಾಯಿಸುವುದು ಉಪಮೇಯರ್ ಸ್ನೋ ವೈಟ್. ಅವಳಿಗೊಬ್ಬ ತಂಗಿ, ರೋಸ್ ರೆಡ್. ಒಂದು ದಿನ ರೋಸ್ ರೆಡ್‌ಳ ಮನೆಯಲ್ಲಿ ಸಾಮಾನೆಲ್ಲ ಚೆಲ್ಲಾಪಿಲ್ಲಿ, ಎಲ್ಲಿ ನೋಡಿದರೂ ರಕ್ತ, ಅವಳು ಮಾತ್ರ ಇಲ್ಲ. ‘ಇನ್ನು ಸುಖವಾಗಿ ಬಾಳುವುದು ಮುಗಿಯಿತು’ ಎಂಬರ್ಥದ ಸಾಲೊಂದನ್ನು ಗೋಡೆಯ ಮೇಲೆ ರಕ್ತದಲ್ಲೇ ಬರೆದಿದ್ದಾರೆ. ಸುದ್ದಿ ಹೊತ್ತು ಓಡಿ ಬಂದವನು ಅವಳ ಗೆಳೆಯ ಜ್ಯಾಕ್, ಅದೇ ಹುರುಳಿ ಬಳ್ಳಿ ಹತ್ತಿದ ಜ್ಯಾಕ್. ತನಿಖೆ ಮಾಡುವವನು ಬಿಗ್ಬಿ ವುಲ್ಫ್, ಮೂರು ಹಂದಿಮರಿಗಳ ಮನೆ ಊದಿ ಬೀಳಿಸಿದ ತೋಳ. ಈಗ ಮನುಷ್ಯನ ವೇಷ, ಬಾಯಲ್ಲಿ ಸಿಗರೇಟು.

ನನಗೆ ತುಂಬ ಹಿಡಿಸಿದ್ದು ವಿಲ್ಲಿಂಗ್‌ಹ್ಯಾಮ್ ಹಳೆಯ ಕಥೆಗಳನ್ನು ಒಂದಕ್ಕೊಂದು ಹೊಲಿದಿರುವ ರೀತಿ. ಜರ್ಮನಿಯ ಗ್ರಿಮ್ ಸಹೋದರರ ಕಥಾಸಂಗ್ರಹದಲ್ಲಿ ಏಳು ಕುಳ್ಳರ ಸ್ನೋ ವೈಟ್ ಬೇರೆ, ರೋಸ್ ರೆಡ್‌ಳ ಅಕ್ಕ ಸ್ನೋ ವೈಟ್ ಬೇರೆ. ಜರ್ಮನ್ ಭಾಷೆಯಲ್ಲಿ ಹೆಸರೂ ಒಂದೇ ಅಲ್ಲ: ಒಬ್ಬಳು ಶ್ನೀವಿಟ್ಶೆನ್, ಇನ್ನೊಬ್ಬಳು ಶ್ನೀವೈಸ್‌ಶೆನ್. ಇಂಗ್ಲಿಷಿಗೆ ಬರುವಾಗ ಇಬ್ಬರಿಗೂ ಒಂದೇ ಹೆಸರು ಬಿತ್ತು. ಕಾಮಿಕ್ಸ್ ಇಬ್ಬರನ್ನೂ ಒಬ್ಬಳೇ ಮಾಡಿತು. ಹಾಗೆ ಮಾಡಿದ್ದರಿಂದ ಮಲತಾಯಿ ಕೊಲ್ಲಲು ನೋಡಿದ ಹುಡುಗಿಗೆ ಒಬ್ಬ ತಂಗಿಯೂ ಸಿಕ್ಕಳು, ಹೇಳದೆ ಉಳಿದ ಒಂದು ಕೌಟುಂಬಿಕ ಇತಿಹಾಸವೂ ಸಿಕ್ಕಿತು. ಇನ್ನು ರಾಜಕುಮಾರ. ಸ್ನೋ ವೈಟ್ ಕಥೆಯ ರಾಜಕುಮಾರ, ನಿದ್ರಾಸುಂದರಿಯ ರಾಜಕುಮಾರ, ಸಿಂಡ್ರೆಲಾಳ ರಾಜಕುಮಾರ, ಮೂವರೂ ಇಲ್ಲಿ ಒಬ್ಬನೇ. ಮೂವರನ್ನು ಮದುವೆಯಾಗಿ ಮೂವರನ್ನೂ ಬಿಟ್ಟವನು. ಸ್ನೋ ವೈಟ್‌ಳ ಸಂಸಾರ ಮುರಿದದ್ದು ಅವನು ಅವಳ ತಂಗಿಯ ಹಿಂದೆ ಹೋದದ್ದಕ್ಕೆ. ಅಕ್ಕತಂಗಿಯರ ನಡುವೆ ಮಾತಿಲ್ಲದಿರುವುದಕ್ಕೆ ಅದೇ ಕಾರಣ. ಹಾಗಾಗಿ ತಂಗಿಯ ಮನೆಯಲ್ಲಿ ರಕ್ತ ಕಂಡಾಗ ತೋಳನ ಸಂಶಯದ ಪಟ್ಟಿಯಲ್ಲಿ ಉಪಮೇಯರಮ್ಮನ ಹೆಸರೂ ಬರುತ್ತದೆ.

ಗಾಜಿನ ಪೆಟ್ಟಿಗೆಯೊಳಗೆ ನಾವು ನೋಡಿದ್ದ ಆ ಸ್ನೋ ವೈಟ್ ಇಲ್ಲಿ ಕಡತಗಳ ಮುಂದೆ ಕೂತು, ಕೈಯಲ್ಲಿ ದುಡ್ಡಿಲ್ಲದ ಒಂದು ಆಡಳಿತವನ್ನು ಹಲ್ಲು ಕಚ್ಚಿ ನಡೆಸುತ್ತಾಳೆ. ಜನ ಅವಳಿಗೆ ಹೆದರುತ್ತಾರೆ. ಕುಳ್ಳರ ಹೆಸರೆತ್ತಿದರೆ ಅವಳಿಗೆ ಸಿಟ್ಟು ಬರುತ್ತದೆ, ಯಾಕೆಂದು ಯಾರೂ ಕೇಳುವ ಧೈರ್ಯ ಮಾಡುವುದಿಲ್ಲ. ಇದನ್ನು ಮೊದಲ ಸಲ ಓದಿದಾಗ ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಇಪ್ಪತ್ತು ಜನರ ಕೆಲಸವನ್ನು ಒಬ್ಬಳೇ ಎಳೆಯುತ್ತಿದ್ದ ನಮ್ಮ ಮೇಲಧಿಕಾರಿಯೊಬ್ಬರನ್ನು ಆಫೀಸಿನಲ್ಲಿ ಎಲ್ಲರೂ ‘ಗಂಟು ಮುಖದವಳು’ ಅನ್ನುತ್ತಿದ್ದರು. ನಾನೂ ಅಂದಿದ್ದೆ. ಸ್ನೋ ವೈಟ್‌ಳನ್ನು ಓದಿದ ಮೇಲೆ ಆ ಮಾತು ನನ್ನ ಬಾಯಲ್ಲಿ ಮತ್ತೆ ಬರಲಿಲ್ಲ.

ಗುಟ್ಟು ಇದು: ಕೊಲೆ ನಡೆದೇ ಇಲ್ಲ. ರೋಸ್ ರೆಡ್ ಬ್ಲೂಬಿಯರ್ಡ್‌ನ ಜೊತೆ ಗುಟ್ಟಾಗಿ ಮದುವೆ ಒಪ್ಪಂದ ಮಾಡಿಕೊಂಡು ವಧುವಿಗೆ ಸಲ್ಲುವ ಹಣವನ್ನು ಮುಂಗಡವಾಗಿ ತೆಗೆದುಕೊಂಡಿದ್ದಳು. ಬ್ಲೂಬಿಯರ್ಡ್ ಅಂದರೆ ಹಳೆಯ ಕಥೆಯಲ್ಲಿ ಹೆಂಡತಿಯರನ್ನು ಒಬ್ಬೊಬ್ಬರಾಗಿ ಕೊಂದು ಕೋಣೆಯಲ್ಲಿ ಬಚ್ಚಿಟ್ಟ ಆ ನೀಲಿಗಡ್ಡದವನೇ. ಹಣವನ್ನು ಜ್ಯಾಕ್ ಒಂದು ಇಂಟರ್‌ನೆಟ್ ಕಂಪನಿ ತೆಗೆಯುತ್ತೇನೆಂದು ಕರಗಿಸಿಬಿಟ್ಟ. ಮದುವೆಯ ದಿನ ಹತ್ತಿರ ಬಂತು. ತನ್ನದೇ ಮೈಯಿಂದ ಸ್ವಲ್ಪಸ್ವಲ್ಪವಾಗಿ ರಕ್ತ ತೆಗೆದು ಕೂಡಿಟ್ಟು, ಒಂದು ದಿನ ಮನೆಗೆಲ್ಲ ಎರಚಿ, ರೋಸ್ ರೆಡ್ ತನ್ನ ಸಾವನ್ನು ತಾನೇ ಹೂಡಿದಳು.

ಗ್ರಿಮ್ ಕಥೆ ನೆನಪಿದೆಯಲ್ಲ? ಬೇಟೆಗಾರ ಸ್ನೋ ವೈಟ್‌ಳನ್ನು ಕೊಲ್ಲದೆ, ಒಂದು ಕಾಡುಹಂದಿ ಮರಿಯ ಶ್ವಾಸಕೋಶ, ಪಿತ್ತಜನಕಾಂಗ ಒಯ್ದು ರಾಣಿಗೆ ಕೊಡುತ್ತಾನೆ, ರಾಣಿ ಅದನ್ನು ಬೇಯಿಸಿ ತಿನ್ನುತ್ತಾಳೆ. ಅಕ್ಕ ಬದುಕಿದ್ದೇ ಒಂದು ಸುಳ್ಳು ಸಾಕ್ಷ್ಯದಿಂದ. ಅಕ್ಕನಿಗೆ ಬೇಟೆಗಾರನಾದರೂ ಇದ್ದ. ತಂಗಿ ಅದೇ ಉಪಾಯವನ್ನು ತಾನೇ, ತನ್ನದೇ ರಕ್ತದಿಂದ ಮಾಡಬೇಕಾಯಿತು. ವಿಲ್ಲಿಂಗ್‌ಹ್ಯಾಮ್ ಇದನ್ನು ಉದ್ದೇಶಪಟ್ಟು ಇಟ್ಟರೋ ಇಲ್ಲವೋ, ಓದುವ ನನಗೆ ಈ ಎರಡು ಸಾವುಗಳು ಒಂದರ ಪಕ್ಕ ಒಂದು ಕೂತವು. ಕಿನ್ನರಕಥೆಯ ನಾಯಕಿಯನ್ನು ಹೊಸದಾಗಿ ಕಟ್ಟುವುದು ಅಂದರೆ ಕೈಗೆ ಕತ್ತಿ ಕೊಡುವುದು, ಚರ್ಮದ ಬಟ್ಟೆ ತೊಡಿಸುವುದು ಅಂದುಕೊಂಡ ಕಾಮಿಕ್ಸ್‌ಗಳು ಬೇಕಾದಷ್ಟಿವೆ. ಇಲ್ಲಿ ನಾಯಕಿಗೆ ಸಿಕ್ಕದ್ದು ಸಾಲ, ಸುಳ್ಳು, ಅಕ್ಕನ ಮೇಲಿನ ಹೊಟ್ಟೆಕಿಚ್ಚು ಮತ್ತು ಕೊರಳಿಗೆ ಬಿಗಿಯುತ್ತಿರುವ ಒಂದು ಕರಾರುಪತ್ರ. ಒಳ್ಳೆಯವಳಾಗಿರಲೇಬೇಕು ಎಂಬ ಹೊರೆ ಇಳಿದುಹೋಗಿದೆ. ಇದಕ್ಕೆ ನಾನು ಈ ಪುಸ್ತಕವನ್ನು ಇವತ್ತಿಗೂ ಪ್ರೀತಿಸುತ್ತೇನೆ.

ಈಗ ಅಸಮಾಧಾನದ ವಿಷಯ.

ಒಗಟು ಬಿಡಿಸುವುದು ಯಾರು? ತೋಳ. ರಕ್ತದ ಪ್ರಮಾಣ ಲೆಕ್ಕ ಹಾಕುವುದು ತೋಳ, ಬ್ಲೂಬಿಯರ್ಡ್‌ನನ್ನೂ ಜ್ಯಾಕ್‌ನನ್ನೂ ಒಳಗೆ ಹಾಕುವುದು ತೋಳ, ಕೊನೆಗೆ ಎಲ್ಲರನ್ನೂ ಒಂದೆಡೆ ಸೇರಿಸಿ ಒಂದೊಂದೇ ಗಂಟು ಬಿಚ್ಚುತ್ತಾ ಮಾತಾಡುವುದೂ ತೋಳ. ಸ್ನೋ ವೈಟ್ ಹಠ ಹಿಡಿದು ಅವನ ಜೊತೆ ಹೋಗುತ್ತಾಳೆ, ಕೇಳುತ್ತಾಳೆ, ಸಿಟ್ಟಾಗುತ್ತಾಳೆ. ರೋಸ್ ರೆಡ್ ಸಿಕ್ಕಿಬೀಳುತ್ತಾಳೆ. ಇಷ್ಟು ಜೀವಂತವಾದ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ಬಲಿ, ಒಬ್ಬಳು ಶಂಕಿತೆ. ಕಣ್ಣು ಮಾತ್ರ ಗಂಡಸಿನದು. ಮುಂದಿನ ಸಂಚಿಕೆಗಳಲ್ಲಿ ಬ್ಲೂಬಿಯರ್ಡ್‌ನ ಮಾಟಕ್ಕೆ ಸಿಕ್ಕಿ, ಪ್ರಜ್ಞೆಯೇ ಇಲ್ಲದ ಸ್ಥಿತಿಯಲ್ಲಿ ಸ್ನೋ ವೈಟ್ ಅದೇ ತೋಳನಿಂದ ಗರ್ಭಿಣಿಯಾಗುತ್ತಾಳೆ, ಆಮೇಲೆ ಅದು ಪ್ರೇಮಕಥೆಯಾಗಿ ಬೆಳೆಯುತ್ತದೆ. ಅದನ್ನು ಪ್ರೇಮ ಅಂತ ನುಂಗಿಕೊಳ್ಳಲು ನನಗೆ ಇವತ್ತಿಗೂ ಆಗಿಲ್ಲ.

‘ಪತ್ತೇದಾರಿ ಕಥೆಯ ಸಂಪ್ರದಾಯವೇ ಹಾಗೆ, ಸಿಗರೇಟು ಸೇದುವ ಒಂಟಿ ಗಂಡಸು ಬೇಕು’ ಎಂದು ಗೆಳೆಯರೊಬ್ಬರು ವಾದಿಸಿದರು. ಸಂಪ್ರದಾಯದ ಮಾತೇ ಆದರೆ, ಬನ್ನಿ, ಇನ್ನೂ ಹಿಂದಕ್ಕೆ ಹೋಗೋಣ. ಗ್ರಿಮ್ ಸಹೋದರರ ಮೊದಲ ಸಂಪುಟ ಬಂದದ್ದು 1812ರಲ್ಲಿ. ಅದರಲ್ಲಿ ‘ದರೋಡೆಕೋರ ಮದುಮಗ’ ಅಂತ ಒಂದು ಕಥೆ ಇದೆ. ಸ್ನೋ ವೈಟ್‌ನಷ್ಟು ಪ್ರಸಿದ್ಧವಲ್ಲ. ಡಿಸ್ನಿಯ ಕೈ ಅದರ ಮೇಲೆ ಬಿದ್ದಿಲ್ಲ. ಆ ಮೊದಲ ಮುದ್ರಣದಲ್ಲಿ ನಾಯಕಿ ಒಬ್ಬ ರಾಜಕುಮಾರಿ. ನಾನು ಹೇಳುವುದು ಮುಂದಿನ ಮುದ್ರಣಗಳಲ್ಲಿ ಗ್ರಿಮ್ ಸಹೋದರರೇ ತಿದ್ದಿ ಬರೆದ ರೂಪ.

ಒಬ್ಬ ಗಿರಣಿಯವನ ಮಗಳು. ಒಳ್ಳೆಯ ಶ್ರೀಮಂತ ಅಂತ ಅಪ್ಪ ಒಂದು ಸಂಬಂಧ ಗೊತ್ತು ಮಾಡುತ್ತಾನೆ. ಅವಳಿಗೆ ಆ ಗಂಡಸನ್ನು ಕಂಡರೆ ಯಾಕೋ ಒಳಗೊಳಗೇ ನಡುಕ. ಕಾಡಿನಲ್ಲಿರುವ ನನ್ನ ಮನೆಗೆ ಬಾ, ದಾರಿಗೆ ಬೂದಿ ಉದುರಿಸಿರುತ್ತೇನೆ, ಅನ್ನುತ್ತಾನೆ. ಅವನ ಬೂದಿಯನ್ನು ಅವಳು ನಂಬುವುದಿಲ್ಲ. ಜೇಬು ತುಂಬ ಬಟಾಣಿ, ಮಸೂರ ತುಂಬಿಕೊಂಡು ಹೆಜ್ಜೆಹೆಜ್ಜೆಗೂ ಎರಡು ಬದಿಗೆ ಉದುರಿಸುತ್ತಾ ಹೋಗುತ್ತಾಳೆ. ಮನೆ ಖಾಲಿ. ಪಂಜರದ ಹಕ್ಕಿಯೊಂದು ತಿರುಗಿ ಹೋಗು, ತಿರುಗಿ ಹೋಗು ಮದುಮಗಳೇ, ಇದು ಕೊಲೆಗಡುಕರ ಮನೆ ಎಂದು ಕೂಗುತ್ತದೆ. ನೆಲಮಾಳಿಗೆಯಲ್ಲಿ ಒಬ್ಬಳು ಹಣ್ಣುಹಣ್ಣು ಮುದುಕಿ. ಅವಳು ಈ ಹುಡುಗಿಯನ್ನು ಒಂದು ದೊಡ್ಡ ಪೀಪಾಯಿಯ ಹಿಂದೆ ಅಡಗಿಸುತ್ತಾಳೆ. ಅಷ್ಟರಲ್ಲಿ ದರೋಡೆಕೋರರು ಬೇರೊಬ್ಬ ಹುಡುಗಿಯನ್ನು ಎಳೆದು ತರುತ್ತಾರೆ. ಅವಳಿಗೆ ಮೂರು ಲೋಟ ವೈನ್ ಕುಡಿಸುತ್ತಾರೆ, ಬಿಳಿಯದು, ಕೆಂಪಿನದು, ಹಳದಿಯದು. ಅವಳ ಎದೆ ಒಡೆದು ಪ್ರಾಣ ಹೋಗುತ್ತದೆ. ಮೇಜಿನ ಮೇಲೆ ಹಾಕಿ ಕೊಚ್ಚುತ್ತಾರೆ, ಉಪ್ಪು ಸವರುತ್ತಾರೆ. ಕಿರುಬೆರಳಲ್ಲಿ ಚಿನ್ನದ ಉಂಗುರ. ಬಿಚ್ಚಲು ಬರದೆ ಒಬ್ಬ ಕೊಡಲಿಯಿಂದ ಹೊಡೆದಾಗ ಬೆರಳು ಸಿಡಿದು, ಪೀಪಾಯಿ ದಾಟಿ, ಅಡಗಿ ಕೂತವಳ ಮಡಿಲಿಗೆ ಬೀಳುತ್ತದೆ.

ಅವಳು ಕಿರುಚುವುದಿಲ್ಲ. ಬೆರಳನ್ನು ಎಸೆಯುವುದೂ ಇಲ್ಲ.

ಹುಡುಕಲು ಹೊರಟವನಿಗೆ ಮುದುಕಿ, ಊಟ ಮಾಡಿ ಬನ್ನಿ, ಬೆರಳೇನು ಓಡಿಹೋಗುತ್ತದೆಯೇ, ಅನ್ನುತ್ತಾಳೆ. ವೈನಿಗೆ ನಿದ್ದೆಯ ಮದ್ದು ಬೆರೆಸುತ್ತಾಳೆ. ಇಬ್ಬರು ಹೆಂಗಸರೂ ಮಲಗಿದವರನ್ನು ದಾಟಿಕೊಂಡು ಹೊರಗೆ ಬರುತ್ತಾರೆ. ಅವನು ಹಾಕಿದ್ದ ಬೂದಿ ಗಾಳಿಗೆ ಹಾರಿಹೋಗಿದೆ. ಅವಳು ಉದುರಿಸಿದ ಬಟಾಣಿ, ಮಸೂರ ಮೊಳಕೆಯೊಡೆದು ಬೆಳದಿಂಗಳಲ್ಲಿ ದಾರಿ ತೋರಿಸುತ್ತಿವೆ.

ಮದುವೆಯ ದಿನ ಬರುತ್ತದೆ. ಊಟಕ್ಕೆ ಕೂತವರೆಲ್ಲ ಒಂದೊಂದು ಕಥೆ ಹೇಳಬೇಕು. ಮದುಮಗಳು ಸುಮ್ಮನಿದ್ದಾಳೆ. ನೀನೂ ಏನಾದರೂ ಹೇಳು ಅಂತ ಮದುಮಗನೇ ಒತ್ತಾಯಿಸುತ್ತಾನೆ. ಹಾಗಾದರೆ ನನಗೆ ಬಿದ್ದ ಕನಸೊಂದನ್ನು ಹೇಳುತ್ತೇನೆ, ಅನ್ನುತ್ತಾಳೆ. ಕಾಡು, ಮನೆ, ಹಕ್ಕಿ, ಮುದುಕಿ, ಪೀಪಾಯಿ. ಪ್ರತಿ ಹಂತಕ್ಕೂ ನಿಲ್ಲಿಸಿ ಅವನತ್ತ ತಿರುಗಿ, ‘ನನ್ನ ಚಿನ್ನ, ಇದು ಬರೀ ಕನಸು’ ಅನ್ನುತ್ತಾಳೆ. ಮತ್ತೆ ಮುಂದುವರಿಸುತ್ತಾಳೆ.

ಪತ್ತೇದಾರಿ ಕಾದಂಬರಿಯ ಕೊನೆಯ ಕೋಣೆಯ ದೃಶ್ಯ ಇದೇ ಅಲ್ಲವೇ? ಎಲ್ಲ ಶಂಕಿತರೂ ಕೂತಿದ್ದಾರೆ, ಸಾಕ್ಷಿಗಳೂ ಇದ್ದಾರೆ, ತನಿಖೆ ಮಾಡಿದವರು ಸಾವಧಾನವಾಗಿ ಎಳೆಎಳೆಯಾಗಿ ಬಿಡಿಸುತ್ತಾರೆ. ಜಗತ್ತಿನ ಮೊದಲ ಪತ್ತೇದಾರಿ ಕಥೆ ಎಂದು ಸಾಮಾನ್ಯವಾಗಿ ಹೆಸರಿಸುವ ಎಡ್ಗರ್ ಆಲನ್ ಪೋ ಅವರ ಕಥೆ ಬಂದದ್ದು 1841ರಲ್ಲಿ. ಅದಕ್ಕೂ ಮೊದಲೇ ಅಚ್ಚಾದ ಈ ಕಥೆಯಲ್ಲಿ ತನಿಖೆ ಮಾಡಿದವಳು, ಸಾಕ್ಷ್ಯ ಕಾಪಾಡಿದವಳು, ಆರೋಪ ಹೊರಿಸಿದವಳು ಒಬ್ಬ ಗಿರಣಿಯವನ ಮಗಳು. ಅದೂ ಆರೋಪಿಯ ಪಕ್ಕದಲ್ಲೇ ಕೂತು.

ಇದೊಂದೇ ಅಲ್ಲ. ‘ಫಿಚರ್‌ನ ಹಕ್ಕಿ’ ಎಂಬ ಇನ್ನೊಂದು ಕಥೆ ಅದೇ ಸಂಗ್ರಹದಲ್ಲಿದೆ. ಮಂತ್ರವಾದಿ ಒಂದು ಮೊಟ್ಟೆ ಕೊಟ್ಟು, ಇದನ್ನು ಎಲ್ಲಿ ಹೋದರೂ ಕೈಯಲ್ಲೇ ಇಟ್ಟುಕೋ, ಆ ಒಂದು ಕೋಣೆಗೆ ಮಾತ್ರ ಹೋಗಬೇಡ, ಅನ್ನುತ್ತಾನೆ. ಅಕ್ಕಂದಿರಿಬ್ಬರೂ ಕೋಣೆ ನೋಡಿ ಬೆಚ್ಚಿ ಮೊಟ್ಟೆಯನ್ನು ರಕ್ತಕ್ಕೆ ಬೀಳಿಸುತ್ತಾರೆ. ಕಲೆ ಹೋಗುವುದಿಲ್ಲ, ಸಾಯುತ್ತಾರೆ. ಮೂರನೆಯವಳು ಮೊದಲು ಮೊಟ್ಟೆಯನ್ನು ಭದ್ರವಾಗಿ ಒಂದು ಕಡೆ ಇಟ್ಟು, ಆಮೇಲೆ ಕೋಣೆಗೆ ಹೋಗುತ್ತಾಳೆ. ತುಂಡಾದ ಅಕ್ಕಂದಿರನ್ನು ಜೋಡಿಸಿ ಬದುಕಿಸುತ್ತಾಳೆ. ಒಂದು ತಲೆಬುರುಡೆಗೆ ಹೂ ಮುಡಿಸಿ ಕಿಟಕಿಯಲ್ಲಿಟ್ಟು, ತಾನು ಜೇನು ಬಳಿದುಕೊಂಡು ಗರಿಗಳಲ್ಲಿ ಹೊರಳಿ ಹಕ್ಕಿಯಂತಾಗಿ ಹೊರಟುಬಿಡುತ್ತಾಳೆ. ಈ ಕಥೆಯನ್ನು ಗ್ರಿಮ್ ಸಹೋದರರಿಗೆ ಹೇಳಿದವರು ಫ್ರೀಡರಿಕೆ ಮಾನ್ನೆಲ್ ಮತ್ತು ಡಾರ್ಟ್‌ಶೆನ್ ವೈಲ್ಡ್ ಎಂಬ ಇಬ್ಬರು ಯುವತಿಯರು. ಡಾರ್ಟ್‌ಶೆನ್ ಮುಂದೆ ವಿಲ್ಹೆಲ್ಮ್ ಗ್ರಿಮ್‌ನನ್ನೇ ಮದುವೆಯಾದಳು. ಪುಸ್ತಕದ ಮೇಲೆ ಹೆಸರು ಇಬ್ಬರು ಗಂಡಸರದು, ಕಥೆ ಹೊತ್ತು ತಂದ ಬಾಯಿಗಳಲ್ಲಿ ಬಹಳಷ್ಟು ಹೆಂಗಸರವು. ಹೊಸ ಸಂಬಂಧಕ್ಕೆ ಒಪ್ಪಿಸಿದ ಮನೆಯಲ್ಲಿ ಮೊದಲು ಸುತ್ತ ಕಣ್ಣಾಡಿಸಬೇಕು ಎಂಬುದು ಅವರಿಗೆ ಗೊತ್ತಿತ್ತು.

ಸಿಂಡ್ರೆಲಾ ಕಥೆಯನ್ನೂ ಹಾಗೇ ಓದಿ ನೋಡಿ. ಒಂದು ಪಾದರಕ್ಷೆ ಸಿಕ್ಕಿದೆ, ಅದರ ಒಡತಿ ಕಾಣೆಯಾಗಿದ್ದಾಳೆ, ಅದನ್ನು ಹಿಡಿದು ಹುಡುಕಾಟ ನಡೆಯುತ್ತದೆ. ಗ್ರಿಮ್ ರೂಪದಲ್ಲಿ ಮಲಸಹೋದರಿಯರಲ್ಲಿ ಒಬ್ಬಳು ಹೆಬ್ಬೆರಳು, ಇನ್ನೊಬ್ಬಳು ಹಿಮ್ಮಡಿ ಕತ್ತರಿಸಿಕೊಂಡು ಕಾಲು ತೂರಿಸುತ್ತಾರೆ. ‘ಚಪ್ಪಲಿಯಲ್ಲಿ ರಕ್ತ’ ಎಂದು ಪಾರಿವಾಳಗಳು ಕೂಗಿ ಹೇಳುತ್ತವೆ. ಸುಳ್ಳು ಸಾಕ್ಷ್ಯ, ಅದನ್ನು ಬಯಲು ಮಾಡುವ ರಕ್ತ, ಎಲ್ಲ ಮೊದಲೇ ಇದೆ.

ಈ ಕಾರಣಕ್ಕೆ 2013ರಲ್ಲಿ ಬಂದ ‘ಫೇರೆಸ್ಟ್: ಇನ್ ಆಲ್ ದ ಲ್ಯಾಂಡ್’ ನನಗೆ ಮುಖ್ಯ. ಅದೂ ವಿಲ್ಲಿಂಗ್‌ಹ್ಯಾಮ್ ಅವರದೇ, ಅದೇ ಫೇಬಲ್ಸ್ ಲೋಕದ್ದು, ಹಲವು ಚಿತ್ರಕಾರರು ಸೇರಿ ಬಿಡಿಸಿದ ಒಂದೇ ಪುಸ್ತಕ. ಕಥಾಲೋಕದ ಚೆಲುವೆಯರನ್ನು ಯಾರೋ ಕೊಲ್ಲುತ್ತಿದ್ದಾರೆ. ತನಿಖೆಗೆ ಇಳಿಯುವವಳು ಸಿಂಡ್ರೆಲಾ. ಫೇಬಲ್ಸ್‌ನಲ್ಲಿ ಅವಳು ಹೊರಗೆ ಪಾದರಕ್ಷೆಯ ಅಂಗಡಿ ನಡೆಸುವವಳು, ಒಳಗೆ ಗೂಢಚಾರಿಣಿ. ಕೊಲೆಗಾರರು ಯಾರೆಂದು ನಾನಿಲ್ಲಿ ಹೇಳುವುದಿಲ್ಲ. ನನಗೆ ಮೈ ಜುಂ ಅನ್ನಿಸಿದ್ದು ಆ ಹೆಸರಿಗಾಗಿ ಅಲ್ಲ. ‘ಎಲ್ಲರಿಗಿಂತ ಚೆಲುವೆ ಯಾರು’ ಎಂದು ರಾಣಿ ಕನ್ನಡಿಯನ್ನು ಕೇಳುತ್ತಿದ್ದ ಆ ಪ್ರಶ್ನೆ ಇಲ್ಲಿ ಕೊಲೆಯ ಪಟ್ಟಿಯಾಗಿಬಿಟ್ಟಿದೆ. ಹೆಣ್ಣುಮಕ್ಕಳನ್ನು ಚೆಲುವಿನ ಸಾಲಿನಲ್ಲಿ ಒಂದು, ಎರಡು ಅಂತ ನಿಲ್ಲಿಸುವ ಆಟ ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದನ್ನು ಭಾಷಣವಿಲ್ಲದೆ ಕಥೆಯಾಗಿಯೇ ತೋರಿಸಿದೆ. ಮೊದಲ ಪುಸ್ತಕದಷ್ಟು ಬಿಗಿಯಿಲ್ಲ, ಚಿತ್ರಕಾರರು ಬದಲಾದಾಗಲೆಲ್ಲ ಓಟ ಮುಗ್ಗರಿಸುತ್ತದೆ. ಇರಲಿ. ಹುಡುಕುವ ಕಣ್ಣು ಕೊನೆಗೂ ಒಬ್ಬ ನಾಯಕಿಯ ಮುಖಕ್ಕೆ ಬಂತಲ್ಲ. ಹನ್ನೊಂದು ವರ್ಷ ಬೇಕಾಯಿತು.

ಇದನ್ನೆಲ್ಲ ಕನ್ನಡದವಳಾಗಿ ಇಷ್ಟು ಹಚ್ಚಿಕೊಳ್ಳುವುದಕ್ಕೆ ಕಾರಣವಿದೆ. ಅಮರ ಚಿತ್ರ ಕಥೆಯ ‘ಕೃಷ್ಣ’ಕ್ಕೆ ಸಂಖ್ಯೆ 11 ಯಾಕೆ ಎಂದು ಚಿಕ್ಕಂದಿನಲ್ಲಿ ತಲೆ ಕೆಡಿಸಿಕೊಂಡಿದ್ದೆ. ಮೊದಲ ಹತ್ತು ಪುಸ್ತಕಗಳು ಪಾಶ್ಚಾತ್ಯ ಕಿನ್ನರಕಥೆಗಳು: ಸಿಂಡ್ರೆಲಾ, ಸ್ನೋ ವೈಟ್, ನಿದ್ರಾಸುಂದರಿ, ಕೆಂಪು ಟೋಪಿಯ ಹುಡುಗಿ, ಜ್ಯಾಕ್ ಮುಂತಾದವು. ಅವು ಮೊದಲು ಬಂದದ್ದು ಕನ್ನಡದಲ್ಲಿ, 1965ರಲ್ಲಿ, ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಉತ್ಸಾಹದಿಂದ. ನಮ್ಮಮ್ಮ ಸಿಂಡ್ರೆಲಾಳನ್ನು ಮೊದಲು ಕಂಡದ್ದು ಬಣ್ಣದ ಚೌಕಗಳಲ್ಲಿ, ಕನ್ನಡ ಮಾತಾಡುತ್ತಾ. ಫೇಬಲ್ಸ್‌ನ ಮುಖ್ಯ ಪಾತ್ರಗಳಲ್ಲಿ ಅರ್ಧದಷ್ಟು ಜನ ಬೆಂಗಳೂರಿನ ಆ ಹತ್ತು ಪುಸ್ತಕಗಳಲ್ಲೇ ಸಿಗುತ್ತಾರೆ.

ನಮ್ಮದೇ ಸಿಂಡ್ರೆಲಾ ಕೂಡ ಇದ್ದಾಳೆ, ಹಂಚಿ. ಎ. ಕೆ. ರಾಮಾನುಜನ್ ಸಂಗ್ರಹಿಸಿ, ‘ಕನ್ನಡದ ಸಿಂಡ್ರೆಲಾ’ ಎಂದು ಜಗತ್ತಿಗೆ ಪರಿಚಯಿಸಿದ ಕಥೆ. ಜಾನಪದ ವಿದ್ವಾಂಸ ಅಲನ್ ಡಂಡಿಸ್ 1982ರಲ್ಲಿ ಸಂಪಾದಿಸಿದ ಸಿಂಡ್ರೆಲಾ ಅಧ್ಯಯನಗಳ ಪುಸ್ತಕದಲ್ಲಿ ರಾಮಾನುಜನ್ ಅವರ ಆ ಲೇಖನ ಇದೆ. ಮನೆಯೊಳಗೇ ಹುಟ್ಟಿದ ಅಪಾಯದಿಂದ ಮಗಳನ್ನು ಉಳಿಸಲು ತಾಯಿ ಅವಳ ಮುಖಕ್ಕೆ ಮಣ್ಣಿನ ಹಂಚಿನ ಮುಖವಾಡ ಹಾಕಿ ಕಳಿಸುತ್ತಾಳೆ. ಮದುವೆಯಾದ ಮೇಲೂ ಕಥೆ ಮುಗಿಯುವುದಿಲ್ಲ. ಅವಳ ಮೇಲೆ ಕಣ್ಣು ಹಾಕಿದ ಒಬ್ಬ ಗುರು, ಅವಳು ಬಗ್ಗದಿದ್ದಾಗ ಪರಗಂಡಸು ಬಂದು ಹೋದ ಕುರುಹುಗಳನ್ನು ಅವಳ ಕೋಣೆಯಲ್ಲಿ ತಂದಿಟ್ಟು ಮನೆಯವರಿಗೆ ತೋರಿಸುತ್ತಾನೆ. ಮನೆಯವರು ನಂಬುತ್ತಾರೆ, ಅವಳನ್ನು ಪೆಟ್ಟಿಗೆಯಲ್ಲಿ ತುಂಬುತ್ತಾರೆ. ಕೊನೆಗೆ ಅವಳ ನಿರಪರಾಧ ತಿಳಿಯುವುದು ಹೇಗೆ? ಒಬ್ಬ ಮುದುಕಿಯ ಮನೆಯ ಊಟದಲ್ಲಿ. ತುತ್ತು ಬಾಯಿಗಿಟ್ಟೊಡನೆ ಇದು ನಮ್ಮ ಹಂಚಿಯ ಕೈರುಚಿ ಎಂದು ಮನೆಯವರಿಗೆ ಗೊತ್ತಾಗುತ್ತದೆ. ಅಲ್ಲಿ ಗಾಜಿನ ಚಪ್ಪಲಿ, ಇಲ್ಲಿ ಅಡುಗೆಯ ರುಚಿ. ದರೋಡೆಕೋರ ಮದುಮಗನ ಕಥೆಯಲ್ಲೂ ಒಬ್ಬಳು ಮುದುಕಿ, ಇಲ್ಲೂ ಒಬ್ಬಳು ಮುದುಕಿ. ಅಲ್ಲೂ ಸತ್ಯ ಹೊರಬರುವುದು ಊಟದ ಹೊತ್ತಿನಲ್ಲಿ, ಇಲ್ಲೂ.

ವಿಲ್ಲಿಂಗ್‌ಹ್ಯಾಮ್ 2023ರ ಸೆಪ್ಟೆಂಬರಿನಲ್ಲಿ ಫೇಬಲ್ಸ್ ಇನ್ನು ಮೇಲೆ ಎಲ್ಲರ ಸ್ವತ್ತು, ಯಾರು ಬೇಕಾದರೂ ಬಳಸಿ ಎಂದು ಘೋಷಿಸಿದರು. ಹಕ್ಕು ನಮ್ಮದು ಎಂದು ಡಿಸಿ ಹೇಳಿತು. ಕಾನೂನಿನ ಆ ಜಗಳದಲ್ಲಿ ನನಗೆ ಆಸಕ್ತಿ ಕಡಿಮೆ. ಗಿರಣಿಯವನ ಮಗಳು, ಮೂರನೆಯ ತಂಗಿ, ಹಂಚಿ, ಇವರ ಮೇಲೆ ಯಾರ ಮುದ್ರೆಯೂ ಇಲ್ಲ. ಕನ್ನಡದಲ್ಲಿ ಚಿತ್ರ ಬಿಡಿಸುವ ಎಳೆಯರು ಎಷ್ಟೋ ಜನ ನನ್ನ ಸ್ನೇಹಿತರ ಪಟ್ಟಿಯಲ್ಲೇ ಇದ್ದೀರಿ. ನಿಮ್ಮನ್ನು ಕೇಳಿಕೊಳ್ಳಬೇಕೆಂದೇ ಇಷ್ಟು ಬರೆದೆ. ಇವರನ್ನು ಬಿಡಿಸಿ. ಕತ್ತಿ ಬೇಡ. ಹುಡುಕುವ ಕಣ್ಣು ಕೊಡಿ.

ಹೋದ ವಾರ ಅಣ್ಣನ ಮಗಳಿಗೆ ದರೋಡೆಕೋರ ಮದುಮಗನ ಕಥೆ ಹೇಳಿದೆ. ಅವಳಿಗೆ ಹನ್ನೊಂದು ವರ್ಷ, ಸುಲಭಕ್ಕೆ ಹೆದರುವವಳಲ್ಲ. ಕೊಚ್ಚುವ ಭಾಗ ಹಗುರ ಮಾಡಿ ದಾಟಿಸಿದೆ. ಮದುವೆಯ ಊಟದ ಭಾಗ ಬಂತು. ಮದುಮಗಳು ಕನಸು ಹೇಳುತ್ತಿದ್ದಾಳೆ, ಮದುಮಗನ ಮುಖ ಬಿಳಿಚಿಕೊಳ್ಳುತ್ತಿದೆ. ಇವಳು ಹೊದಿಕೆ ಸರಿಸಿ ಎದ್ದು ಕೂತಳು.

"ಅತ್ತೆ, ಬೆರಳು ಇಟ್ಕೊಂಡಿದ್ಳು ತಾನೆ? ಬಿಸಾಕ್ಲಿಲ್ಲ ತಾನೆ?"

ಇಲ್ಲ ಪುಟ್ಟಿ, ಬಿಸಾಕಲಿಲ್ಲ, ಅಂದೆ. ಮದುಮಗಳು ‘ನನ್ನ ಚಿನ್ನ, ಇದು ಬರೀ ಕನಸು’ ಅಂದಳು, ಕೈ ಮುಂದೆ ಚಾಚಿದಳು, ಊಟದ ಮೇಜಿನ ಮೇಲೆ ಉಂಗುರದ ಸಮೇತ ಬೆರಳನ್ನು ಇಟ್ಟಳು.